ಒಂದೂವರೆ ಕುದುರೆ ಕಡಿಮೆ

ನಮ್ಮ ಬಳಗದಲ್ಲಿ ಯಾರೇ ಕಾರು ಕೊಳ್ಳಲಿ, ಮುಂಗಡ ಕೊಡುವ ಮೊದಲು ಭಾವನನ್ನು ಷೋರೂಮಿಗೆ ಕರೆದೊಯ್ಯಲೇಬೇಕು. ಕರೆಯದಿದ್ದರೂ ಬರುತ್ತಾರೆ. ಇಂಥ ಭಾವ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು: ಓಡಿಸುವುದು ಕಿಕ್ ಹೊಡೆದು ಹೊಡೆದು ಸ್ಟಾರ್ಟ್ ಮಾಡುವ ಹಳೇ ಸ್ಕೂಟರು, ಮಾತಾಡುವುದು ನ್ಯೂಟನ್ ಮೀಟರಿನಲ್ಲಿ.

ಮೊನ್ನೆ ಮೈಸೂರಿನಲ್ಲಿ ಟೈ ಕಟ್ಟಿದ ಹುಡುಗ ನಮಗೆ ಸನ್‌ರೂಫ್ ತೆರೆದು ಮುಚ್ಚಿ ತೋರಿಸುತ್ತಿದ್ದರೆ, ಭಾವ ಕನ್ನಡಕವನ್ನು ಹಣೆಗೇರಿಸಿ ಬ್ರೋಷರಿನ ಕೊನೇ ಪುಟದ ಸಣ್ಣಕ್ಷರ ಓದುತ್ತಿದ್ದರು.

“ಏನಪ್ಪಾ, 100 ಪಿಎಸ್ ಅಂತ ಹಾಕಿದ್ದೀರಿ. ಬಿಎಚ್‌ಪಿಲಿ ಎಷ್ಟಾಯ್ತು?”

“ಎರಡೂ ಒಂದೇ ಸಾರ್.”

ಪಾಪ, ಸಿಕ್ಕಿಬಿದ್ದ.

“98.6! ಹತ್ತಿರ ಹತ್ತಿರ ಒಂದೂವರೆ ಕುದುರೆ ಎಲ್ಲಿ ಹೋಯ್ತು?”

ಹುಡುಗ ಮ್ಯಾನೇಜರನ್ನೇ ಕರೆತಂದ. ಅವರ ಮುಂದೆ ಜೇಮ್ಸ್ ವ್ಯಾಟ್‌ನ ಪುರಾಣ ಶುರುವಾಯಿತು. ಉಗಿಯಂತ್ರ ಮಾರಲು ಹೊರಟ ವ್ಯಾಟ್, ಕುದುರೆ ಕಟ್ಟಿ ಗಿರಣಿ ನಡೆಸುತ್ತಿದ್ದವರಿಗೆ ತಿಳಿಯಲೆಂದು, ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದಡಿ ಎತ್ತುವ ಶಕ್ತಿಯೇ ಒಂದು ಕುದುರೆ ಅಂದ. ಈಗಿನ ಲೆಕ್ಕದಲ್ಲಿ 746 ವ್ಯಾಟ್. ಜರ್ಮನರ ಪಿಎಸ್ ಮೆಟ್ರಿಕ್ ಕುದುರೆ. ಸೆಕೆಂಡಿಗೆ 75 ಕೆಜಿಯನ್ನು ಒಂದು ಮೀಟರ್ ಎತ್ತಿದರೆ ಮುಗಿಯಿತು, 735.5 ವ್ಯಾಟ್. “ಅವರ ಕುದುರೆಗೆ ಹುರುಳಿ ಸಾಲದು” ಎಂದು ಭಾವ ಮುಗಿಸುವಷ್ಟರಲ್ಲಿ ಕಾಫಿ ಬಂದಿತ್ತು. ಯಾವ ಕುದುರೆಯಲ್ಲಿ ಅಳೆದರೂ ಇಂಜಿನ್ನು ಅದೇ, ಅದರ 73.5 ಕಿಲೋವ್ಯಾಟೂ ಅದೇ ಎನ್ನುವುದು ಭಾವನಿಗೆ ಚೆನ್ನಾಗಿಯೇ ಗೊತ್ತು. ಕಾಫಿ ಬರುವ ತನಕ ಹೇಳುವುದಿಲ್ಲ, ಅಷ್ಟೆ.

ಅಲ್ಲಿಯವರೆಗೆ ಸುಮ್ಮನಿದ್ದ ಅಕ್ಕ ಕೇಳಿದಳು: “ರೀ, ಐದು ಜನ ಕೂತ್ಕೊಂಡು, ಎಸಿ ಆಫ್ ಮಾಡದೆ ಚಾಮುಂಡಿ ಬೆಟ್ಟ ಹತ್ತುತ್ತಾ?”

ನನ್ನ ಮಟ್ಟಿಗೆ ಅವತ್ತು ಆ ಷೋರೂಮಿನಲ್ಲಿ ಯಾರಾದರೂ ಕೇಳಿದ ಒಂದೇ ಇಂಜಿನಿಯರಿಂಗ್ ಪ್ರಶ್ನೆ ಅದು. ತಿರುಗಿಸುವ ಬಲವೇ ಟಾರ್ಕು. ಅದು ಎಷ್ಟು ಕಡಿಮೆ ಆರ್‌ಪಿಎಮ್‌ಗೆ ಸಿಗುತ್ತದೋ ಏರಿನಲ್ಲಿ ಅಷ್ಟು ಸಲ ಗೇರ್ ಇಳಿಸುವ ಕಷ್ಟ ತಪ್ಪುತ್ತದೆ.

“137 ನ್ಯೂಟನ್ ಮೀಟರ್ ಇದೆ ಕಣೇ. 9.8ರಿಂದ ಭಾಗಿಸು, 14 ಕೆಜಿ ಮೀಟರ್.”

“ಹತ್ತುತ್ತಾ?”

“4,400 ಆರ್‌ಪಿಎಮ್‌ಗೆ.”

ಅಕ್ಕ ಬೀಗದ ಕೈ ಇಸಿದುಕೊಂಡು, ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ತಾನೇ ಬೆಟ್ಟದ ಕಡೆ ಹೊರಟಳು.

ಅಮೆರಿಕದಲ್ಲಿರುವ ಸೋದರಳಿಯ ಫೋನಿನಲ್ಲಿ “ನಮ್ಮ ಕಾರು 30 ಎಂಪಿಜಿ ಕೊಡುತ್ತೆ ಮಾವ” ಅಂದರೆ ಭಾವ ಯೋಗಕ್ಷೇಮಕ್ಕೂ ಮೊದಲು ಕೇಳುವುದು “ಯಾವ ಗ್ಯಾಲನ್ನು?” ಬ್ರಿಟಿಷರದು 4.546 ಲೀಟರು, ಅಮೆರಿಕದವರದು 3.785. ಲೀಟರಿಗೆ ಹದಿಮೂರೂ ಬರಲಿಲ್ಲವಲ್ಲ ಎಂದು ಅವನ ಮೇಲೆ ಮರುಕಪಡುತ್ತಾರೆ. ಯೂರೋಪಿನವರು 100 ಕಿಲೋಮೀಟರಿಗೆ ಎಷ್ಟು ಲೀಟರು ಎಂದು ತಿರುಗುಮುರುಗು ಬರೆಯುವುದಂತೂ ಭಾವನಿಗೆ ಹಬ್ಬ. ಐದು ಲೀಟರ್ ಅಂದರೆ ನಮ್ಮ ಇಪ್ಪತ್ತು, ಹತ್ತು ಅಂದರೆ ಹತ್ತೇ!

ಕಾರು ಬಂತು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ ಪೈಪು ಹಿಡಿದು “ಎಷ್ಟು ಹಾಕ್ಲಿ?” ಅಂದ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ “2.2 ಬಾರ್” ಅಂದರು, ಅವನು ಕಣ್ಣುಕಣ್ಣು ಬಿಡಲಿ ಎಂದು.

“ಮೂವತ್ತೆರಡು ಹಾಕ್ತೀನಿ ಬಿಡಿ ಸಾರ್” ಎಂದವನೇ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಭಾವ ಬಾಯಲ್ಲೇ ಗುಣಿಸಿದರು. ಮನೆ ಬರುವ ತನಕ ಮಾತಿಲ್ಲ. ಗೇಟಿನ ಮುಂದೆ ಇಳಿಯುವಾಗ ನನ್ನ ಕಡೆ ಬಗ್ಗಿ ಹೇಳಿದರು:

“31.9 ಕಣಯ್ಯ ಅದು.”