ಟೊಂಕಮೀಮಾಂಸೆ: ನಾಲ್ಕು ತಾಲೂಕುಗಳ ಹಸ್ತಚಿಕಿತ್ಸೆ ಕುರಿತು ಒಂದು ಕಿರು ಮಹಾಪ್ರಬಂಧ

ಪ್ರಸ್ತಾವನೆ

ಧಾರವಾಡ ಜಿಲ್ಲೆಯ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಅಣ್ಣಿಗೇರಿಗೆ ಪಂಪನನ್ನೂ ಅಮೃತೇಶ್ವರನನ್ನೂ ಕೊಟ್ಟು ಕೈತೊಳೆದುಕೊಂಡರು. ಕುಂದಗೋಳಕ್ಕೆ ಸವಾಯಿ ಗಂಧರ್ವರು ಸಾಕಾದರು. ನವಲಗುಂದಕ್ಕೆ ಜಮಖಾನ ಹಾಸಿದರು, ಕಲಘಟಗಿಗೆ ಬಣ್ಣದ ತೊಟ್ಟಿಲು ಕಟ್ಟಿದರು. ಆದರೆ ಜಮಖಾನದ ಮಗ್ಗದ ಮುಂದೆ ದಿನವಿಡೀ ಕುಳಿತವಳ ನಡ ಏನಾಯಿತು? ತೊಟ್ಟಿಲ ಕಾಲಿಗೆ ಬಣ್ಣ ಹಚ್ಚಲು ಬಾಗಿದವನ ಕುತ್ತಿಗೆ ಏನಾಯಿತು? ಗುರು ಸವಾಯಿ ಗಂಧರ್ವರ ಮನೆಗೆ ಕೊಡ ಹೊತ್ತು ನೀರು ತಂದ ಭೀಮಸೇನ ಜೋಶಿಯವರ ಹೆಗಲು ಯಾವ ಸ್ವರದಲ್ಲಿತ್ತು? ಈ ಪ್ರಶ್ನೆಗಳನ್ನು ಈವರೆಗೆ ಯಾರೂ ಎತ್ತಿಲ್ಲ. ವಿದ್ವಾಂಸರ ನಡವೂ ಹಿಡಿದಿದ್ದರೆ ಎತ್ತುವುದಾದರೂ ಹೇಗೆ? ಆ ಕೊರತೆಯನ್ನು ತುಂಬಲು ಈ ಪ್ರಬಂಧ ಬಾಗಿ ನಿಂತಿದೆ.

ಕ್ಷೇತ್ರ ಮತ್ತು ವಿಧಾನ

ಅಧ್ಯಯನದ ಕ್ಷೇತ್ರ ಒಂದು ಖೋಲಿ. ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಇಂಥದೊಂದು ಇದ್ದೇ ಇರುತ್ತದೆ. ಬೋರ್ಡಿನ ಮೇಲೆ ‘ಫಿಸಿಯೋಥೆರಪಿ’ ಎಂದು ಬರೆದಿದ್ದರೂ ಊರವರು ಅದನ್ನು ‘ನರಾ ಬಿಡಸೂ ದವಾಖಾನಿ’ ಎಂದೇ ಓದುತ್ತಾರೆ. ಒಳಗೆ ರೆಕ್ಸಿನ್ ಹೊದಿಸಿದ ಎತ್ತರದ ಮಂಚ, ಬೋರಲು ಮಲಗಿದವರು ಮೂಗು ಇಳಿಬಿಡಲು ಅದಕ್ಕೊಂದು ತೂತು. ಗೋಡೆಗೆ ಹಗ್ಗ, ಗಾಲಿ ಮತ್ತು ಹೆಗಲು ಹಿಡಿದವರು ತಿರುವುವ ಒಂದು ಚಕ್ರ. ನಾಲ್ಕು ರಬ್ಬರ್ ಪಟ್ಟಿಗಳ ಕರೆಂಟ್ ಮಶಿನ್. ಮೊಳೆಗೆ ತೂಗಿದ ಪ್ಲಾಸ್ಟಿಕ್ ಬೆನ್ನೆಲುಬು. ಇದನ್ನು ನೋಡಿದ ಅಜ್ಜಿಯೊಬ್ಬಳು, ‘ಯಾರದೋ ತಮ್ಮಾ ಇದು? ಮನಿಯವರು ಒಯ್ಯಲಿಲ್ಲೇನು?’ ಎಂದು ಕೇಳಿದ್ದು ದಾಖಲೆಗೆ ಅರ್ಹ.

ಮಾದರಿ: ಹೊರಗಿನ ಬಾಕಿನ ಮೇಲೆ ಕುಳಿತವರು. ಆಯ್ಕೆಯ ವಿಧಾನ: ಬಸ್ಸು ತಡವಾಗುವುದು.

ಟೊಂಕಗಳ ವರ್ಗೀಕರಣ

ವೈದ್ಯಶಾಸ್ತ್ರ ಟೊಂಕದ ಮಣಕುಗಳನ್ನು ಐದೆಂದು ಎಣಿಸಿ ನಂಬರು ಕೊಟ್ಟಿದೆ. ನಮ್ಮ ಕಡೆ ಟೊಂಕವನ್ನು ಗುರುತಿಸುವುದು ಬೆಳೆಯಿಂದ. ಕುಕ್ಕರಗಾಲಿನಲ್ಲಿ ಕುಳಿತು ಸರಿಯುತ್ತ ಸರಿಯುತ್ತ ಹಿಡಿದದ್ದು ಕಸ ತೆಗೆದ ಟೊಂಕ. ಬಗ್ಗಿ ಬುಡಸಮೇತ ಕಿತ್ತು ಕಿತ್ತು ಹಿಡಿದದ್ದು ಕಡ್ಲಿ ಟೊಂಕ. ಅರ್ಧ ಬಗ್ಗಿ, ಅರ್ಧ ನಿಂತು, ಎರಡರಲ್ಲೂ ನೆಮ್ಮದಿಯಿಲ್ಲದೆ ಹಿಡಿದದ್ದು ಮೆಣಸಿನಕಾಯಿ ಟೊಂಕ. ಮಳೆಯಾದ ಮರುದಿನ ಎರಿಮಣ್ಣಿನಲ್ಲಿ ಹೂತ ಬೈಕನ್ನು ಹಿಂದಿನಿಂದ ಎತ್ತಿದವನದು ಪ್ರತ್ಯೇಕ ಜಾತಿ, ಅದಕ್ಕೆ ಹಂಗಾಮಿಲ್ಲ.

ಅಮವಾಸ್ಯೆ, ಸೋಮವಾರಗಳಂದು ಎತ್ತಿಗೆ ನೊಗ ಹೂಡದ ಊರುಗಳಿವೆ. ಆ ದಿನ ಗಂಡಸರಿಂದ ಖೋಲಿ ತುಂಬುತ್ತದೆ. ಕಸ ತೆಗೆಯುವ ಹೆಣ್ಣುಮಗಳಿಗೆ ಇಂಥ ಶಾಸ್ತ್ರೋಕ್ತ ರಜೆಯನ್ನು ಯಾವ ಹಿರಿಯರೂ ಗೊತ್ತುಮಾಡಿಲ್ಲ. ಅವಳು ಬರುವುದು ಎದ್ದು ನಿಲ್ಲಲು ಆಗದಿದ್ದಾಗ ಮಾತ್ರ.

ಪೂರ್ವಪಕ್ಷ

ಖೋಲಿಯ ಮೆಟ್ಟಿಲು ಹತ್ತುವ ಮೊದಲು ರೋಗಿ ಹಲವು ಪಂಥಗಳನ್ನು ದಾಟಿ ಬಂದಿರುತ್ತಾನೆ. ತಿಕ್ಕುವ ಪಂಥಕ್ಕೆ ಎಣ್ಣೆಯೇ ಪ್ರಮಾಣ. ಕಟ್ಟುವ ಪಂಥಕ್ಕೆ ತತ್ತಿಯ ಬಿಳಿ, ಬಿದಿರಿನ ಪಟ್ಟಿ. ಸೂಜಿ ಪಂಥದವರು ಪ್ರಶ್ನೆ ಕೇಳುವುದಿಲ್ಲ, ಚುಚ್ಚುತ್ತಾರೆ. ಇವೆಲ್ಲಕ್ಕಿಂತ ಪ್ರಾಚೀನವಾದದ್ದು ಒದೆಯುವ ಪಂಥ. ಕಾಲು ಮುಂದಾಗಿ ಹುಟ್ಟಿದವರಿಂದ ನಡಕ್ಕೆ ಒದೆಸಿಕೊಂಡರೆ ಚಳಕು ಬಿಡುತ್ತದೆ ಎಂಬುದು ಇದರ ಮೂಲಸೂತ್ರ. ಆದರೆ ಈಗ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು, ಕೂಸಿನ ಕಾಲು ಮುಂದಾಗಿದೆ ಎಂದು ಸ್ಕ್ಯಾನಿನಲ್ಲಿ ಕಂಡರೆ ಸಾಮಾನ್ಯವಾಗಿ ಸಿಜೇರಿಯನ್. ಹೀಗಾಗಿ ಈ ಪಂಥಕ್ಕೆ ಹೊಸ ಆಚಾರ್ಯರು ಹುಟ್ಟುವುದು ಬಹುಮಟ್ಟಿಗೆ ನಿಂತಿದೆ. ಇದ್ದವರಿಗೂ ವಯಸ್ಸಾಗಿ, ಕಾಲೆತ್ತಲು ಅವರೇ ಖೋಲಿಗೆ ಬರುತ್ತಿದ್ದಾರೆ.

ಎಲ್ಲ ಪಂಥಗಳಿಗೂ ಗುಣಪಡಿಸಿದ ಸಾಕ್ಷಿಗಳಿದ್ದಾರೆ. ಕಾರಣ ಸರಳ: ಹೊಸದಾಗಿ ಹಿಡಿದ ನಡ ಬಹುಪಾಲು ಜನರಲ್ಲಿ ಆರು ವಾರದೊಳಗೆ ತಾನಾಗಿಯೇ ಹಗುರಾಗುತ್ತದೆ. ಹಗುರಾಗುವ ವಾರದಲ್ಲಿ ರೋಗಿ ಯಾರ ಮುಂದೆ ಮಲಗಿರುತ್ತಾನೋ ಕೀರ್ತಿ ಅವರದು.

ಲಟಕ್ ಪ್ರಮಾಣ

ಕೀಲು ಲಟಕ್ ಅಂದರೆ ಎಲುಬು ಜಾಗಕ್ಕೆ ಕುಳಿತಿತು ಎಂಬುದು ಬಾಕಿನ ಏಕಾಭಿಪ್ರಾಯ. ಸದ್ದು ಬರದ ದಿನ ಫೀ ಕೊಡಲು ಕೈ ತುಸು ಹಿಂದೆಗೆಯುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಬೆರಳು ಜಗ್ಗಿ ನೋಡಿದರು. ಕೀಲಿನ ಎರಡು ಮೈಗಳು ತಟ್ಟನೆ ದೂರ ಸರಿದಾಗ ನಡುವಿನ ದ್ರವದಲ್ಲಿ ಅನಿಲದ ಪೊಳ್ಳು ಹುಟ್ಟುತ್ತದೆ, ಸದ್ದು ಬರುವುದು ಆ ಹೊತ್ತಿಗೇ ಎಂದು ಬರೆದರು. ಎಲುಬು ಎಲ್ಲಿಗೂ ಹೋಗಿರಲಿಲ್ಲ, ಮರಳಿ ಬರಲೂ ಇಲ್ಲ.

ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು ಇನ್ನೂ ಹಟಮಾರಿ. ಲಟಿಕೆ ಮುರಿದರೆ ಸಂದಿವಾತ ಬರುತ್ತದೆಂದು ತಾಯಿ ಗದರಿಸಿದ್ದಕ್ಕೆ, ದಶಕಗಟ್ಟಲೆ ಎಡಗೈಯ ಬೆರಳುಗಳನ್ನಷ್ಟೇ ಲಟಲಟ ಮುರಿದು ಬಲಗೈಯನ್ನು ಬಿಟ್ಟರು. ಎರಡೂ ಕೈಗಳಲ್ಲಿ ವ್ಯತ್ಯಾಸವಿಲ್ಲವೆಂದು 1998ರಲ್ಲಿ ಪ್ರಕಟಿಸಿ, 2009ರಲ್ಲಿ ಇಗ್ ನೊಬೆಲ್ ಪಡೆದರು. ಮೊಮ್ಮಕ್ಕಳ ದೃಷ್ಟಿ ತೆಗೆಯಲು ಜೀವಮಾನವಿಡೀ ಎರಡೂ ಕೈಗಳಿಂದ ಲಟಿಕೆ ಮುರಿದ ನಮ್ಮ ಅಜ್ಜಿಯರಿಗೆ ಮಾತ್ರ ಯಾವ ಸಮಿತಿಯೂ ಪತ್ರ ಬರೆದಿಲ್ಲ.

ಗ್ಯಾಪ್ ವಾದ

ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನಿನ ಫಿಲ್ಮ್ ತಂದವರೆಲ್ಲರ ಮೊದಲ ವಾಕ್ಯ ಒಂದೇ: ‘ಮಣಕಿನ್ಯಾಗ ಗ್ಯಾಪ್ ಬಂದೈತ್ರಿ.’ ವಸ್ತುಸ್ಥಿತಿ ತಿರುಗುಮುರುಗು. ಮಣಕುಗಳ ನಡುವಿನ ಮೆತ್ತೆ ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ತೆಳ್ಳಗಾಗುತ್ತದೆ. ಅಂದರೆ ಗ್ಯಾಪ್ ಕಡಿಮೆಯಾಗುತ್ತದೆ. ಇದನ್ನು ವಿವರಿಸಿದಾಗ ಒಬ್ಬ ಅಜ್ಜಾರು, ‘ಕಡಿಮಿ ಆದ್ರ ಚಲೋ ಆತಲ್ಲಪಾ, ಮತ್ಯಾಕ ನೋಯ್ತೈತಿ?’ ಎಂದರು. ಫಿಸಿಯೋಥೆರಪಿ ಪದವಿಯ ಅಷ್ಟೂ ವರ್ಷಗಳಲ್ಲಿ ಈ ಪ್ರಶ್ನೆಗೆ ಪಾಠವಿಲ್ಲ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಸವೆದ ಮೆತ್ತೆ ಬೇಕಾದಷ್ಟು ಸಿಗುತ್ತದೆ ಎಂದು ಹೇಳಿದರೆ, ಕೊಟ್ಟ ರೊಕ್ಕ ನೆನಪಾಗಿ ನೋವು ಹೆಚ್ಚುತ್ತದೆ.

ಬಿರುದಿನ ಪ್ರಶ್ನೆ

2021ರ ಕೇಂದ್ರ ಕಾಯ್ದೆಯೊಂದು ಫಿಸಿಯೋಥೆರಪಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು. 2025ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಈ ವೃತ್ತಿಯವರು ಹೆಸರಿನ ಮುಂದೆ ‘ಡಾ.’ ಬರೆಯಬಾರದೆಂದು ಪತ್ರ ಹೊರಡಿಸಿ, ಮರುದಿನವೇ ಅದನ್ನು ಹಿಂದಕ್ಕೆ ಪಡೆಯಿತು. ಅಷ್ಟು ಬೇಗ ಹಿಂದಕ್ಕೆ ಬಾಗಿದ ಬೆನ್ನು ನಮ್ಮ ಕ್ಷೇತ್ರಕಾರ್ಯದಲ್ಲಿ ಸಿಕ್ಕಿಲ್ಲ. ಬಾಕಿನವರಿಗೆ ಈ ವಿವಾದ ತಟ್ಟಿಲ್ಲ. ಅವರು ದನದ ಡಾಕ್ಟರನ್ನೂ ಡಾಕ್ಟರ್ ಅನ್ನುತ್ತಾರೆ, ಔಷಧಿ ಅಂಗಡಿಯ ಹುಡುಗನನ್ನೂ ಡಾಕ್ಟರ್ ಅನ್ನುತ್ತಾರೆ.

ಹಸ್ತ ಮತ್ತು ಗೃಹಪಾಠ

ಶಾಸ್ತ್ರದ ಹೃದಯ ಇಲ್ಲಿದೆ. ರೋಗಿಯ ಕಣ್ಣಿಗೆ ಚಿಕಿತ್ಸೆ ಅಂದರೆ ಕೈ ಹಚ್ಚುವುದು. ಥೆರಪಿಸ್ಟನ ಪಾಲಿಗೆ ಕೈ ಹಚ್ಚುವುದು ಪೀಠಿಕೆ, ಗ್ರಂಥ ಇರುವುದು ವ್ಯಾಯಾಮದಲ್ಲಿ.

‘ಅಂಗಾತ ಮಲಗಿ ಟೊಂಕಾ ಎತ್ತು ಅನ್ನಾಕ ನೀ ಯಾಕ ಬೇಕೋ ತಮ್ಮಾ? ಕೈ ಹಚ್ಚು.’

‘ಹಚ್ಚತೀನಿ ಯವ್ವಾ. ನಾ ಹಚ್ಚೂದು ಹತ್ತು ನಿಮಿಷ. ಉಳದ ಹೊತ್ತು ಟೊಂಕಾ ನಿಮ್ಮ ಕಡೇನ ಇರತೈತಿ.’

‘ಹಂಗಂದ್ರ ರೊಕ್ಕಾ ನಿನಗ, ಕೆಲಸಾ ನನಗ?’

ಈ ಆಕ್ಷೇಪಕ್ಕೆ ನೇರ ಪರಿಹಾರವಿಲ್ಲ. ಮುದ್ರಿತ ಹಾಳೆಯ ಚಿತ್ರದಲ್ಲಿ ಚಾಪೆಯ ಮೇಲೆ ಒಬ್ಬಳೇ ನಿಶ್ಚಿಂತೆಯಿಂದ ಮಲಗಿ ಟೊಂಕ ಎತ್ತಿರುತ್ತಾಳೆ. ಪಡಸಾಲೆಯಲ್ಲಿ ಮಾವ, ಅಡುಗೆಮನೆಯಲ್ಲಿ ಅತ್ತೆ, ನಡುಮನೆಯಲ್ಲಿ ಕಡ್ಲಿ ಚೀಲ ಇರುವ ಮನೆಯ ಸೊಸೆ ಮಲಗುವುದೆಲ್ಲಿ, ಎತ್ತುವುದೆಲ್ಲಿ? ‘ಎರಡು ವಾರ ಭಾರ ಎತ್ತಬ್ಯಾಡ್ರಿ’ ಎಂಬ ಸಲಹೆ ಸುಗ್ಗಿಯಲ್ಲಿ ಕೇಳಲು ಮಾತ್ರ ಚೆಂದ.

ಖೋಲಿಯ ನಿಜವಾದ ವಿದ್ಯೆ ತೋರುವುದು ಇಲ್ಲಿ. ಒತ್ತಿ, ಸವರಿ, ಮಡಚಿ ನೋಡುವ ಆ ಹತ್ತು ನಿಮಿಷದಲ್ಲಿ ಕೈ ನೋವಿನ ಜಾಗ ಹುಡುಕಿದರೆ, ಬಾಯಿ ಹೊಲದ ಸುದ್ದಿ ಹುಡುಕುತ್ತದೆ: ಏನು ಬೆಳೆ, ಎಷ್ಟು ಸಾಲು, ನೀರು ಎಲ್ಲಿಂದ. ಆಮೇಲೆ ಹಾಳೆಯನ್ನು ಮಡಚಿಟ್ಟು ಥೆರಪಿಸ್ಟ್ ಹೇಳುತ್ತಾನೆ: ಒಂದು ಸಾಲು ಕಸ ಮುಗಿದ ಕೂಡಲೇ ಎದ್ದು ನಿಲ್ಲು, ಎರಡೂ ಕೈ ಟೊಂಕದ ಮೇಲಿಟ್ಟು ಐದು ಸಲ ಹಿಂದಕ್ಕೆ ಬಾಗು. ಕೊಡ ಎತ್ತುವಾಗ ಮೊಣಕಾಲು ಮಡಚು, ಎದೆಗೆ ಒತ್ತಿ ಹಿಡಿ. ಇದಕ್ಕೆ ಚಾಪೆ ಬೇಡ, ಮಾವ ಎದ್ದು ಹೋಗಬೇಕಿಲ್ಲ, ಕರೆಂಟ್ ಹೋದರೂ ನಿಲ್ಲುವುದಿಲ್ಲ. ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಇಷ್ಟು ಕೇಳಲು ಯಾರಿಗೂ ಪುರಸೊತ್ತಿರುವುದಿಲ್ಲ.

ಸಿದ್ಧಾಂತ ಮತ್ತು ಫಲಶ್ರುತಿ

ಕೈ ನೋವನ್ನು ತುಸು ಸಡಿಲಿಸುತ್ತದೆ, ಭಯವನ್ನು ಬಹಳ ಸಡಿಲಿಸುತ್ತದೆ. ಟೊಂಕವನ್ನು ಗಟ್ಟಿ ಮಾಡಬೇಕಾದದ್ದು ಟೊಂಕದ ಒಡೆಯನೇ. ಆದ್ದರಿಂದ ಹತ್ತು ನಿಮಿಷದ ಕೈಗೆ ಕೊಡುವ ಫೀಯನ್ನು, ಹೇಳಿದ ಐದು ಬಾಗುಗಳನ್ನು ಮಾಡಿ ವಸೂಲು ಮಾಡಿಕೊಳ್ಳಬೇಕು. ಆದರೆ ಕಾಲಿನ ಬಲ ಕುಸಿದರೆ, ತೊಡೆಸಂದಿಯಲ್ಲಿ ಮುಟ್ಟಿದ್ದು ತಿಳಿಯದಾದರೆ, ಮೂತ್ರದ ಹಿಡಿತ ತಪ್ಪಿದರೆ, ತಿಕ್ಕಿಸಿಕೊಳ್ಳದೆ, ಒದೆಸಿಕೊಳ್ಳದೆ, ಖೋಲಿಗೂ ಹೋಗದೆ ಅದೇ ದಿನ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಸೇರಬೇಕು. ಇದರಲ್ಲಿ ಅಣಕವಿಲ್ಲ.

ಇಷ್ಟು ಹೊತ್ತು ಕುಳಿತು ಓದಿದವರು ಈಗ ಎದ್ದು ನಿಂತು, ಕೈ ಟೊಂಕದ ಮೇಲಿಟ್ಟು, ಐದು ಸಲ ಹಿಂದಕ್ಕೆ ಬಾಗತಕ್ಕದ್ದು. ಲಟಕ್ ಅಂದರೆ ಗಾಬರಿಯಾಗಬಾರದು.