ಬೀರುವಿನ ಮೇಲಿಂದ ಇಳಿದುಬಂದವರು

(ಸೋದರಮಾವ ತೀರಿಕೊಂಡ ಮೇಲೆ ಅಳಿಯನ ಪಾಲಿಗೆ ಬಂದ ಅಗ್ಗದ ಗಿಟಾರು ಬೆಂಗಳೂರಿನ ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ಅಂಗಾತ ಮಲಗಿತ್ತು. ತಂತಿ ಬಿಚ್ಚಿದ್ದರಿಂದ ಮಾತಿಗೆ ಬಿಡುವಾಗಿತ್ತು.)

ತಮ್ಮ ಹುಟ್ಟೂರು?

ಕಲ್ಕತ್ತಾ ಸಾರ್. ಅಮೆರಿಕದ ಕಲಮಜೂನಲ್ಲಿ 1902ರಲ್ಲಿ ಶುರುವಾದ ಗಿಬ್ಸನ್ ಗಿಟಾರ್ ಕಂಪನಿ ಕೇಳಿದ್ದೀರಲ್ಲ? ನನ್ನ ಹಣೆ ಮೇಲಿನ ಹೆಸರಿಗೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ದೂಳಲ್ಲಿ ಆ ಅಕ್ಷರ ಕಾಣದೆ ಅಳಿಯ ಅರ್ಧ ದಿನ ಲಕ್ಷಾಧೀಶನಾಗಿದ್ದ.

ಬೀಟೆ ಮರದ ಗಿಟಾರು ಅಂತ ಹೇಳಿಕೊಳ್ಳುತ್ತಿದ್ದರಲ್ಲ?

ಟಾರ್ಚು ಬಿಟ್ಟು ನೋಡೋವರೆಗೆ. ಹೊಟ್ಟೆ ತೂತಿನ ಅಂಚಲ್ಲಿ ಪ್ಲೈವುಡ್ಡಿನ ಪದರ ಇಣುಕುತ್ತೆ ನೋಡಿ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಬಿಡಲ್ಲ ಅಂದಾಗ, 1969ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಟಿನ್ ಗಿಟಾರ್ ಕಂಪನಿ ಭಾರತದ ಬೀಟೆಗೆ ತಿರುಗಿತು. ನಮ್ಮ ಬೀಟೆ ಅಮೆರಿಕಕ್ಕೆ ಹೋಗಿ ದೊಡ್ಡ ಮನುಷ್ಯನಾಯ್ತು, ಇಲ್ಲೇ ಉಳಿದ ನಾವು ಪ್ಲೈವುಡ್ಡು. ನಿಮ್ಮ ಮನೆಗಳಲ್ಲೂ ಇಂಥ ಕಥೆ ಇದ್ದೇ ಇರುತ್ತೆ ಬಿಡಿ. ಆದರೆ ಪದರ ಪದರವಾಗಿ ಅಂಟಿಸಿದ ಮೈ ಆದ್ದರಿಂದ ಅಷ್ಟೊಂದು ಮಳೆಗಾಲ, ಬೇಸಿಗೆ ಬೀರುವಿನ ಮೇಲೆ ಕಳೆದರೂ ನನ್ನ ಎದೆ ಬಿರಿಯಲಿಲ್ಲ. ಇಡೀ ಮರದವರು ಬಿರಿದುಬಿಡ್ತಾರೆ.

ಸದ್ಯ ಏನು ತೊಂದರೆ?

ಕುತ್ತಿಗೆ. ಉಕ್ಕಿನ ಆರು ತಂತಿ ಸೇರಿ ಸುಮಾರು 70 ಕಿಲೋ ಎಳೀತವೆ. ತೀರಿಹೋದ ಯಜಮಾನರು ತಂತಿ ಸಡಿಲ ಮಾಡದೆ ಬೀರುವಿನ ಮೇಲಿಟ್ಟರು, ಬಾಗಿದೆ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಬೆರಳಿಗೆ ಸುಖ, ನನ್ನಲ್ಲಿ ಐದು. ತಂತಿ ಕಟ್ಟುವ ಬ್ರಿಡ್ಜ್ ಬೇರೆ ಹಿಂದಿನಿಂದ ಎದ್ದಿತ್ತು. ಅಳಿಯ ಮರಗೆಲಸದ ಬಿಳಿ ಅಂಟು ಧಾರಾಳವಾಗಿ ಸುರಿದ. ಎಳೆತಕ್ಕೆ ಅದು ಮೆಲ್ಲಗೆ ಜಾರುತ್ತೆ. ಈಗ ಅದನ್ನ ಕೆರೆಯೋದಕ್ಕೇ ಬೇರೆ ಬಿಲ್ಲು.

ಬ್ರಿಡ್ಜ್ ಮೇಲಿನ ಸ್ಯಾಡಲ್ ಪಟ್ಟಿ ಉಜ್ಜಿ ತಂತಿ ಇಳಿಸಬಹುದಿತ್ತಲ್ಲ?

12ನೇ ಫ್ರೆಟ್ ಹತ್ತಿರ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಉಜ್ಜಬೇಕು. ಅಷ್ಟು ಸ್ಯಾಡಲ್ ನನಗೆ ದೇವರು ಕೊಟ್ಟಿಲ್ಲ. ಅದಕ್ಕೇ ಕುತ್ತಿಗೆ ಬಿಚ್ಚಿ, ಬುಡಕ್ಕೆ ತೆಳು ಚಕ್ಕೆ ಕೊಟ್ಟು ಹಿಂದಕ್ಕೆ ವಾಲಿಸ್ತಿದ್ದಾರೆ. ಎಷ್ಟೋ ದುಬಾರಿ ಗಿಟಾರಿಗೆ ಕುತ್ತಿಗೆ ಅಂಟಿಸಿರ್ತಾರೆ, ಬಿಡಿಸೋಕೆ ಆವಿ ಹಾಯಿಸಬೇಕು. ಬಡವರ ಕುತ್ತಿಗೆಗೆ ಸ್ಕ್ರೂ ಸಾಕು.

ಕುತ್ತಿಗೆಯ ತುದಿಯ ಪ್ಲಾಸ್ಟಿಕ್ ನಟ್ ತೆಗೆದು ಎಲುಬಿನದು ಹಾಕುತ್ತಾರಂತೆ?

ನಾದ ಚೆನ್ನಾಗಿರುತ್ತಂತೆ. ಆದರೆ ಮನೆಯ ಅಜ್ಜಿಗೆ ಹೇಳಿಲ್ಲ. ನನ್ನ ಜಾಗ ದೇವರಮನೆ ಪಕ್ಕ.

ಈ ಖರ್ಚಿಗೆ ಹೊಸ ಗಿಟಾರೇ ಬರುತ್ತಿತ್ತು.

ಚೀಲ ಸಮೇತ. ಆದರೆ ಅಳಿಯನಿಗೆ ಬೇಕಾಗಿರೋದು ಮಾವನ ಗಿಟಾರು. ಇದೊಳ್ಳೆ ತಮಾಷೆ ಸಾರ್! 1981ರಲ್ಲಿ ‘ಗೀತಾ’ ಸಿನಿಮಾ ನೋಡಿ ಬಂದು, ತಮ್ಮನ್ನೇ ಅದರ ನಾಯಕ ಶಂಕರ್‌ನಾಗ್ ಅಂದುಕೊಂಡು ಯಜಮಾನರು ನನ್ನನ್ನು ಮನೆಗೆ ತಂದರು. ಎರಡು ಕಾರ್ಡ್ ಹಿಡಿಯೋದರೊಳಗೆ ಅಡುಗೆಮನೆಯಿಂದ ‘ಆ ಟೊಂಯ್ ಟೊಂಯ್ ನಿಲ್ಸೋ ಮಾರಾಯ’ ಅಂತ ಕೂಗು. ಬ್ಯಾಂಕ್ ಪರೀಕ್ಷೆ ಇದೆ ಅಂದರು, ಹುಡುಗಿ ಕಡೆಯವರು ಬರ್ತಾರೆ ಅಂದರು, ಮಗು ಮಲಗಿದೆ ಅಂದರು. ಕೊನೆಗೆ ಅವರೇ ಸುಮ್ಮನಾಗಿ ನನ್ನನ್ನು ಮೇಲಿಟ್ಟರು. ಈಗ ಅವರ ಹದಿಮೂರನೇ ದಿನದ ಊಟ ಮುಗಿಸಿ ಅದೇ ಮನೆಯವರು ನನ್ನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದಾರೆ: ‘ನಮ್ಮ ಮನೆತನದ ಸಂಗೀತ ಪರಂಪರೆ’.

ಬೇಸರವೆ?

ಬೇಸರ ಯಾಕೆ, ಪ್ಲೈವುಡ್ಡಿಗೆ ಪರಂಪರೆ ಪಟ್ಟ ಸುಮ್ಮನೆ ಸಿಗುತ್ತಾ?

ಹೊಸ ತಂತಿ ಯಾವುದು ಹಾಕಿಸಿಕೊಳ್ಳುತ್ತೀರಿ?

ಹತ್ತರ ಗೇಜಿನದು, ತೆಳುವಾದದ್ದು. ದಪ್ಪನೆಯ ಹನ್ನೆರಡರದು ಬಿಗಿದರೆ ಬ್ರಿಡ್ಜ್ ಮತ್ತೆ ಏಳುತ್ತೆ. ದಯವಿಟ್ಟು ನೀವೇ ಅಳಿಯನಿಗೆ ಹೇಳಿ. ಯೂಟ್ಯೂಬಿನಲ್ಲಿ ಯಾರೋ ಹದಿಮೂರು ಅಂದಿದ್ದಾರಂತೆ, ಆಗಲೇ ಆರ್ಡರ್ ಮಾಡಿದ್ದಾನೆ.