ಬೇಲಿಯಾಚೆಯ ರಬ್ಬರ್ ಮೀನು

ತಿಪಟೂರು ಸೀಮೆಯಲ್ಲಿ ಬೇಲಿ ಮಾತಿಗೆ ಇರೋದು ಮೂರೇ ವಿಷಯ: ಕೊಬ್ಬರಿ ರೇಟು ಎಷ್ಟಾಯಿತು, ಹೇಮಾವತಿ ನೀರು ಬಿಟ್ಟರಾ, ಕಾಯಿ ಕೀಳೋನು ಯಾವತ್ತು ಬರ್ತಾನೆ. ಮೊದಲನೆಯದಕ್ಕೆ ನಿಟ್ಟುಸಿರು, ಎರಡನೆಯದಕ್ಕೆ ಬೈಗುಳ, ಮೂರನೆಯದಕ್ಕೆ ಫೋನು. ಅಲ್ಲಿಗೆ ಮಾತು ಮುಗೀತು. ಆದರೂ ನಾನೂ ಪಕ್ಕದ ತೋಟದ ಭಾವನೂ ಸಂಜೆಯಾದರೆ ಬೇಲಿ ಹಿಡಿದು ನಿಲ್ಲುತ್ತೇವೆ. ಭಾವ ಎಂದರೆ ನೆಂಟರಲ್ಲ, ಊರ ವಾವೆಯಲ್ಲಿ ಭಾವ. ಅವರಿಗೆ ನಾನು ಮೇಷ್ಟ್ರು. ಸರ್ಕಾರ ನನ್ನನ್ನು ರಿಟೈರ್ ಮಾಡಿ ಎಷ್ಟೋ ವರ್ಷವಾಯಿತು, ಭಾವ ಇನ್ನೂ ಮಾಡಿಲ್ಲ.

ಈಚೆಗೆ ನಮ್ಮ ಪಟ್ಟಿಗೆ ನಾಲ್ಕನೆಯ ವಿಷಯ ಸೇರಿದೆ: ರಬ್ಬರ್ ಮೀನು.

ಭಾವನ ಸೋದರಳಿಯ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನು ಮಾವನಿಗೆ ಪಂಚೆ ತರುವ ಬದಲು ಒಂದು ರಾಡು, ಒಂದು ರೀಲು, ಒಂದು ಡಬ್ಬಿ ತುಂಬ ಮೆತ್ತನೆಯ ಪುಟ್ಟ ಮೀನುಗಳನ್ನು ತಂದ. ‘ಸ್ವಿಮ್ ಬೇಟ್’ ಅಂತೆ. ಭಾವ ಒಂದನ್ನು ಬಾಲ ಹಿಡಿದು ಬೇಲಿ ಮೇಲಿಂದ ನನ್ನ ಕಡೆ ಚಾಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮ ಮನೆಯಲ್ಲಿ ಮೀನಿನ ಸಂಬಂಧ ಪಂಚಾಂಗದ ಮೀನ ರಾಶಿಗೇ ಮುಗಿಯುತ್ತದೆ.

“ಮುಟ್ಟಿ ಮೇಷ್ಟ್ರೇ, ಮೈಲಿಗೆ ಏನಿಲ್ಲ. ನಿಮ್ಮ ಬೋರಿನ ಪೈಪು ಇದ್ಯಲ್ಲ ಪಿವಿಸಿ, ಅದರ ಜಾತಿನೇ ಇದು. ಎಣ್ಣೆಯಂಥದ್ದೇನೋ ಸೇರಿಸಿ ಮೆತ್ತಗೆ ಮಾಡ್ತಾರಂತೆ.”

ಮುಟ್ಟಿದೆ. ಬೆರಳುದ್ದ ಇತ್ತು. ಹೊಟ್ಟೆ ಬಿಳಿ, ಬೆನ್ನು ಹಸಿರು, ಕಣ್ಣು ಬೇರೆ ಬರೆದಿದ್ದರು. ವಿಶೇಷ ಇರುವುದು ಬಾಲದಲ್ಲಿ. ಅದರ ತುದಿ ಅಡ್ಡಕ್ಕೆ ಚಪ್ಪಟೆ. ನೀರಿನಲ್ಲಿ ಎಳೆದರೆ ಆ ಚಪ್ಪಟೆಯನ್ನು ನೀರು ತಡೆಯುತ್ತದೆ, ಬಾಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುತ್ತದೆ. ಆ ಬಡಿತದ ಕಂಪನ ಕತ್ತಲಲ್ಲೂ ಕೆಸರಲ್ಲೂ ದೊಡ್ಡ ಮೀನಿನ ಮೈಗೆ ತಾಕುತ್ತದೆ. ಭಾವ ಅದನ್ನು ನಮ್ಮ ತೋಟದ ಸಿಮೆಂಟ್ ತೊಟ್ಟಿಯಲ್ಲೇ ಎಳೆದು ತೋರಿಸಿದರು. ಜೀವ ಇಲ್ಲ ಎಂದು ಗೊತ್ತಿದ್ದೂ ನನ್ನ ಮೊಮ್ಮಗ ಅದಕ್ಕೆ ಅನ್ನದ ಅಗುಳು ಹಾಕಿದ.

ಈ ಮೆತ್ತನೆಯ ವಂಶದ ಮೂಲಪುರುಷ ಮೀನಲ್ಲ, ಹುಳ. 1949ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಏಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ ಪ್ಲಾಸ್ಟಿಕ್ ಎರೆಹುಳ ಮಾಡಿದ, ಆಮೇಲೆ ಮಾರಲು ಶುರುಮಾಡಿದ. ಅದು ‘ಬಾಸ್’ ಎಂಬ ಮೀನು ಹಿಡಿಯುವವರಿಗೆ ಹುಚ್ಚು ಹಿಡಿಸಿತು. ಹುಳದ ಹಿಂದೆಯೇ ರಬ್ಬರ್ ಕಪ್ಪೆ ಬಂತು, ರಬ್ಬರ್ ಮೀನು ಬಂತು. ಬಾಸ್ ಮೇಲೆ ಅಲ್ಲಿಯವರಿಗಿರುವ ವ್ಯಾಮೋಹ ಕೇಳಿದರೆ ನಾವು ತೆಂಗಿನ ಮೇಲೆ ಇಟ್ಟಿರುವುದು ಬರೀ ಪರಿಚಯ ಅನ್ನಿಸುತ್ತದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹತ್ತು ಕಿಲೋ ತೂಗುವ ಬಾಸ್ ಹಿಡಿದ. ಆ ದಾಖಲೆಯನ್ನು 2009ರವರೆಗೆ ಯಾರಿಗೂ ಮುಟ್ಟಲಾಗಲಿಲ್ಲ. ಆ ವರ್ಷ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಬಾಸ್ ಪೆರ್ರಿಯದಕ್ಕಿಂತ ಸುಮಾರು 27 ಗ್ರಾಂ ಹೆಚ್ಚು ತೂಗಿತು. ಆದರೂ ಇಬ್ಬರೂ ಸಮ ಎಂದು ತೀರ್ಪಾಯಿತು. ಅಷ್ಟು ಅಲ್ಪ ಅಂತರ ದಾಖಲೆ ಮುರಿಯಲು ಸಾಲದಂತೆ.

“27 ಗ್ರಾಮಾ?” ಎಂದರು ಭಾವ. “ಮಂಡಿಯಲ್ಲಿ ನಮ್ಮ ಚೀಲಕ್ಕೆ ಕಿಲೋಗಟ್ಟಲೆ ಕಳೀತಿದ್ದ ಕಾಲದಲ್ಲೂ ಯಾರೂ ತೀರ್ಪು ಕೊಡಲಿಲ್ಲವಲ್ಲ ಮೇಷ್ಟ್ರೇ!”

“ಅದಿರಲಿ ಭಾವ, ನಮ್ಮ ಕೆರೆಯಲ್ಲಿ ಬಾಸ್ ಎಲ್ಲಿದೆ?”

“ಇಲ್ಲ. ಕುಚ್ಚು ಇದ್ಯಲ್ಲ!”

ಕುಚ್ಚು ಮೀನು ಎಂದರೂ ಅದೇ, ಕೊರವ ಎಂದರೂ ಅದೇ. ಪೇಟೆಯವರು ಮರಲ್ ಅನ್ನುತ್ತಾರೆ. ಹಾವಿನಂಥ ತಲೆ, ಉದ್ದ ಮೈ, ಬಾಯಿ ತುಂಬ ಹಲ್ಲು. ಕಿವಿರಿನ ಜೊತೆಗೆ ಗಾಳಿ ಹೀರುವ ಅಂಗವೂ ಉಂಟು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿಯದಿದ್ದರೆ ನೀರಿನಲ್ಲಿದ್ದೂ ಉಸಿರು ಕಟ್ಟಿ ಸಾಯುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಹೂತು ಮಳೆಗೆ ಕಾಯುತ್ತದೆ. ನಮ್ಮ ಬಯಲುಸೀಮೆಗೆ ಹೇಳಿ ಮಾಡಿಸಿದ ಜೀವ. ನೊಣವಿನಕೆರೆ, ಮಲ್ಲಾಘಟ್ಟದ ಕಡೆಗೆ ಹೇಮಾವತಿ ಕಾಲುವೆಯ ಆಸರೆಯಾದರೂ ಇದೆ. ಚಿಕ್ಕನಾಯಕನಹಳ್ಳಿ ಕಡೆಯ ಬೋರನಕಣಿವೆ ಜಲಾಶಯ ಮಳೆರಾಯ ಕೈಹಿಡಿದ ವರ್ಷ ತುಂಬಿದರೆ ತುಂಬಿತು. ಇಂಥ ಕಡೆ ಬಾಳುವ ಮೀನಿಗೆ ಕೆಸರಲ್ಲಿ ಹೂತು ಕೂರುವ ವಿದ್ಯೆ ಗೊತ್ತಿರಲೇಬೇಕು.

ಬಾಸ್ ಮತ್ತು ಕುಚ್ಚು ನೆಂಟರಲ್ಲ, ಸ್ವಭಾವ ಮಾತ್ರ ಒಂದೇ. ಎರಡೂ ಬೆನ್ನಟ್ಟಿ ಓಡುವ ಪೈಕಿ ಅಲ್ಲ. ಜೊಂಡಿನ ಅಂಚಲ್ಲಿ, ತಾವರೆ ಎಲೆಯ ನೆರಳಲ್ಲಿ, ಮುಳುಗಿದ ಮರದ ಬುಡದಲ್ಲಿ ಹೊಂಚು ಹಾಕಿ ಕೂತು ಹತ್ತಿರ ಬಂದದ್ದನ್ನು ಗಬಕ್ಕನೆ ನುಂಗುವಂಥವು. ಹಾಗಾಗಿ ಬಾಸ್‌ಗೆ ಹೂಡಿದ ಆಟ ಕುಚ್ಚಿಗೂ ನಡೆಯುತ್ತದೆ. ತಮಾಷೆ ಏನೆಂದರೆ ಅಮೆರಿಕದವರಿಗೆ ಈ ವಂಶ ಕಂಡರೆ ನಡುಕ. 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್ ಊರಿನ ಕೊಳದಲ್ಲಿ ನಮ್ಮ ಕುಚ್ಚಿನ ದಾಯಾದಿಯೊಂದು ಸಿಕ್ಕಿದ್ದಕ್ಕೆ ಪತ್ರಿಕೆ, ಟಿವಿಯೆಲ್ಲ ಹುಯಿಲೆಬ್ಬಿಸಿದವು. ಕೊನೆಗೆ ಕೊಳಕ್ಕೇ ವಿಷ ಹಾಕಿ ಕೊಂದರು, ಆ ಕುಲದ ಜೀವಂತ ಮೀನು ದೇಶದೊಳಗೆ ಬರದಂತೆ ಅದೇ ವರ್ಷ ಕಾನೂನು ತಂದರು. ಇತ್ತ ಪಕ್ಕದ ತೆಲಂಗಾಣದವರು ನಮ್ಮ ಕುಚ್ಚನ್ನೇ ರಾಜ್ಯದ ಮೀನು ಎಂದು ಸಾರಿದ್ದಾರೆ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಜನ ಸಾಲುಗಟ್ಟಿ ಅದರ ಜೀವಂತ ಮರಿಯನ್ನು ನುಂಗುತ್ತಾರೆ. ಡಾಕ್ಟರುಗಳು ಬೇಡ ಎಂದರೂ ಸಾಲು ಕರಗುವುದಿಲ್ಲ.

“ಅವರ ಮೀನು ಇಲ್ಲಿಲ್ಲ, ನಮ್ಮ ಮೀನು ಅವರಿಗೆ ಬೇಡ. ಗಾಳ ಮಾತ್ರ ಅಲ್ಲಿಂದ ಇಲ್ಲಿಗೆ ಬಂತು ನೋಡಿ,” ಎಂದು ಭಾವ ಎಲೆಯಡಿಕೆ ಚೀಲ ಬಿಚ್ಚಿದರು. ಅಂದರೆ ಪಾಠ ಶುರು.

ಮೊದಲ ಪಾಠ, ಚುಚ್ಚುವುದು. ಜೊಂಡಿನಲ್ಲಿ ಆಡುವ ಗಾಳದ ಮೊನೆ ಬತ್ತಲಾಗಿದ್ದರೆ ಎಸೆದ ಸಲವೂ ಸೊಪ್ಪೇ ಬರುತ್ತದೆ. ಅದಕ್ಕೆ ಅಗಲ ಬಾಗಿನ ಗಾಳವನ್ನು ರಬ್ಬರ್ ಮೀನಿನ ಮೂತಿಯಲ್ಲಿ ಚುಚ್ಚಿ, ಗಂಟಲ ಕೆಳಗೆ ತೆಗೆದು, ತಿರುಗಿಸಿ, ಹೊಟ್ಟೆಯಿಂದ ಬೆನ್ನಿಗೆ ಏರಿಸಿ, ಮೊನೆಯನ್ನು ಬೆನ್ನಿನ ಚರ್ಮದಲ್ಲಿ ಒಂದು ಎಳೆಯಷ್ಟು ಮರೆಮಾಡಬೇಕು. ಚುಚ್ಚುವ ಮೊದಲು ಗಾಳವನ್ನು ಮೀನಿನ ಪಕ್ಕ ಇಟ್ಟು ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕು ಎಂದು ಅಳೆಯಬೇಕು. ಒಂದು ಕೂದಲು ಸೊಟ್ಟಗಾದರೂ ಮೀನು ಈಜುವುದಿಲ್ಲ, ಗಿರಗಿರನೆ ಸುತ್ತುತ್ತದೆ; ದಾರ ಹುರಿ ಬೀಳುತ್ತದೆ. ಗಾಳದ ಹೊಟ್ಟೆಗೆ ನಾಲ್ಕೈದು ಗ್ರಾಮಿನ ಸೀಸ ಅಂಟಿಸಿದ್ದರೆ ಮೀನು ಬೆನ್ನು ಮೇಲಾಗಿಯೇ ಹೋಗುತ್ತದೆ.

ಎರಡನೆಯದು, ಎಸೆಯುವುದು. ಏರಿ ಮೇಲೆ ನಿಂತವರೆಲ್ಲ ಕೆರೆಯ ನಡುಮಧ್ಯಕ್ಕೆ ಎಸೆಯುತ್ತಾರೆ. ದೂರ ಹೋದಷ್ಟೂ ದೊಡ್ಡ ಮೀನು ಎಂಬ ನಂಬಿಕೆ. ಕುಚ್ಚು ಇರೋದು ಕಾಲ ಬುಡದಲ್ಲಿ, ದಡದ ಜೊಂಡಿನಲ್ಲಿ. ಆದ್ದರಿಂದ ಜೊಂಡಿನ ಅಂಚಿಗೆ ಸಮನಾಗಿ ಎಸೆಯಬೇಕು, ಮೀನು ಇರಬಹುದಾದ ಜಾಗದಾಚೆಗೆ ಬೀಳಿಸಿ ಅದರ ಮುಂದೆ ಹಾದುಬರುವಂತೆ ಎಳೆಯಬೇಕು. ತಲೆ ಮೇಲೆ ಬಿದ್ದರೆ ಮೀನು ಬೆದರಿ ಓಡುತ್ತದೆ. ನೆರಳೂ ನೀರಿಗೆ ಬೀಳಬಾರದು. ಹೊಸ ನೀರು ಬಂದು ಕೆರೆ ಕದಡಿದ್ದಾಗ ಕಪ್ಪು, ಕಡು ಬಣ್ಣದ ಬೇಟು. ಚಳಿಗಾಲಕ್ಕೆ ನೀರು ತಿಳಿಯಾದಾಗ ಬೆಳ್ಳಿ ಬಣ್ಣದ್ದು. ಕೆರೆಯಲ್ಲಿ ಆ ಕಾಲಕ್ಕೆ ಓಡಾಡುವ ಚಿಳ್ಳೆ ಮೀನು ಎಷ್ಟುದ್ದವೋ ಬೇಟೂ ಅಷ್ಟುದ್ದ.

ಮೂರನೆಯದರಲ್ಲೇ ಅಳಿಯ ಸೋತಿದ್ದು. ಅದು ಸುತ್ತುವುದು. ರಬ್ಬರ್ ಮೀನಿಗೆ ವಾಸನೆ ಇಲ್ಲ, ರುಚಿ ಇಲ್ಲ, ಜೀವ ಇಲ್ಲ. ಹಾಗೇ ಬಿಟ್ಟರೆ ತಳದಲ್ಲಿ ಬಿದ್ದಿರುತ್ತದೆ. ಅದಕ್ಕೆ ಇರುವ ಜೀವವೆಲ್ಲ ನಮ್ಮ ಕೈಯಿಂದ ಹೋಗಬೇಕು. ಅಳಿಯ ರೀಲನ್ನು ಸರ್ರನೆ ಸುತ್ತಿದ. ನೀರ ಮೇಲೆ ಬೇಟು ಚಿಮ್ಮಿಕೊಂಡು ಬಂತು, ಮೀನು ಬರಲಿಲ್ಲ. ಮತ್ತೆ ಎಸೆದ, ಮತ್ತೆ ಸರ್ರನೆ. ಬೇಟು ಬದಲಿಸಿದ, ಬಣ್ಣ ಬದಲಿಸಿದ, ಜಾಗ ಬದಲಿಸಿದ. ವೇಗ ಒಂದನ್ನು ಬದಲಿಸಲಿಲ್ಲ. ಸಂಜೆಗೆ “ಈ ಕೆರೆಯಲ್ಲಿ ಮೀನೇ ಇಲ್ಲ ಮಾವ” ಎಂದು ಷರಾ ಬರೆದು ಬೆಂಗಳೂರಿಗೆ ಹೊರಟ.

ಭಾವ ಮರುದಿನ ಅದೇ ಕೆರೆಗೆ ಹೋದರು. ಎಸೆದು, ಬೇಟು ಮುಳುಗುವವರೆಗೆ ಮನಸ್ಸಿನಲ್ಲೇ ಎಣಿಸಿದರು. ತಳ ಮುಟ್ಟುವ ಮೊದಲು ಸುತ್ತಲು ಶುರುಮಾಡಿದರು. ಬಾಲದ ಬಡಿತ ರಾಡಿನ ತುದಿಗೆ ಡುಬು ಡುಬು ಎಂದು ತಿಳಿಯಬೇಕು. ಅದು ನಿಲ್ಲುವಷ್ಟು ನಿಧಾನ ಆಗಬಾರದು, ಅದಕ್ಕಿಂತ ಜೋರೂ ಬೇಡ. ತಾವರೆ ಬಳ್ಳಿಗೆ ತಾಗಿದರೆ ಜಗ್ಗದೆ ಒಂದು ಗಳಿಗೆ ಬಿಟ್ಟು ಮೆಲ್ಲಗೆ ಬಿಡಿಸಬೇಕು. ಹಾಗೆ ನಿಂತು ಹೊರಟ ಕ್ಷಣದಲ್ಲೇ ಹೆಚ್ಚಾಗಿ ಏಟು ಬೀಳುವುದು.

“ನಮ್ಮ ಹುಡುಗನಿಗೆ ಹೇಗೆ ಹೇಳೋದು ಮೇಷ್ಟ್ರೇ? ಉಂಡೆ ಕೊಬ್ಬರಿ ಮಾಡೋ ಮನೆಯವನು ಅವನು! ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅನ್ನೋವರೆಗೂ ಒಡೆಯೋ ಹಾಗಿಲ್ಲ. ಬೆಂಕಿ ಹಾಕಿದ್ರೆ ಬೇಗ ಒಣಗುತ್ತಾ? ಒಣಗುತ್ತೆ, ತಿಪಟೂರು ಕೊಬ್ಬರಿ ಆಗಲ್ಲ. ಇದೂ ಹಂಗೇಯ. ದುಡ್ಡು ಕೊಟ್ಟು ರೀಲು ತರಬಹುದು, ನಿಧಾನ ತರಕ್ಕಾಯ್ತದಾ?”

ನನಗೆ ಇಲ್ಲಿ ಒಂದು ವಿಷಯ ಹೊಳೆಯಿತು. ಹೊಸ ಸಾಮಾನು ಬಂದಾಗಲೆಲ್ಲ ಹಳಬರು ಹಿಂದೆ ಬಿದ್ದರು ಅನ್ನುವುದು ರೂಢಿ. ಇಲ್ಲಿ ಹಾಗಾಗಲಿಲ್ಲ. ಬೆಂಡು ಕಟ್ಟಿ ಎರೆಹುಳ ಹಾಕಿ ಮಧ್ಯಾಹ್ನವಿಡೀ ಕೂತು ಬೆಳೆದವರಿಗೆ ನೀರು ಓದುವುದು ಗೊತ್ತಿತ್ತು. ಎಲ್ಲಿ ಗುಳ್ಳೆ ಏಳುತ್ತದೆ, ಯಾವ ಜೊಂಡು ಗಾಳಿಯಿಲ್ಲದೆ ಅಲ್ಲಾಡಿತು ಎಂದು ಕಣ್ಣು ಪಳಗಿತ್ತು. ಅಳಿಯನಿಗೆ ವಿಡಿಯೋ ನೋಡಿ ಗೊತ್ತಿದ್ದ ಗಂಟುಗಳನ್ನು ಭಾವ ಒಂದು ಸಂಜೆಯಲ್ಲಿ ಕಲಿತರು. ಭಾವನಿಗೆ ಗೊತ್ತಿದ್ದ ಕೆರೆಯನ್ನು ಕಲಿಯಲು ಅಳಿಯನಿಗೆ ರಜೆ ಸಾಲದು.

ನಾಲ್ಕನೆಯ ಪಾಠ ಎಳೆಯುವುದು. ನೀರು ಧಡಕ್ ಎಂದು ಸಿಡಿದ ಕೂಡಲೇ ಜಗ್ಗಿದರೆ ಬೇಟು ಬಾಯಿಂದ ಹಾರಿ ಮುಖಕ್ಕೇ ಬರುತ್ತದೆ. ಭಾರ ಕೈಗೆ ತಿಳಿಯುವವರೆಗೆ ಒಂದು ಉಸಿರು ತಡೆಯಬೇಕು, ಆಮೇಲೆ ಮುಲಾಜಿಲ್ಲದೆ ಎಳೆಯಬೇಕು. ಕುಚ್ಚಿನ ದವಡೆ ಬರೀ ಮೂಳೆ. ಗಾಳ ರಬ್ಬರನ್ನೂ ದಾಟಿ ಮೂಳೆಯನ್ನೂ ಹಿಡಿಯಬೇಕು. ಅದಕ್ಕೇ ಗಟ್ಟಿ ರಾಡು, ಹೆಣೆದ ದಾರ. ಗಾಳ ಬಿಡಿಸಲು ಇಕ್ಕಳ ಬೇಕೇ ಬೇಕು, ಬೆರಳು ಹಾಕಿದವನಿಗೆ ಹಲ್ಲಿನ ಲೆಕ್ಕ ಸಿಗುತ್ತದೆ.

ಬಿಡಿಪಾಠಗಳೂ ಉಂಟು. ಮೆತ್ತನೆ ಬೇಟನ್ನು ಗಟ್ಟಿ ಪ್ಲಾಸ್ಟಿಕ್ ಬೇಟಿನ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಮೆತ್ತಗೆ ಮಾಡಿದ ಆ ಎಣ್ಣೆ ಒಸರಿ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಅಳಿಯನ ಡಬ್ಬಿಯ ಅರ್ಧ ಹಾಗೇ ಮುದ್ದೆಯಾಗಿತ್ತು. ಹರಿದ ಬೇಟನ್ನು ಕೆರೆಗೆ ಬಿಸಾಡಬಾರದು. ಅದು ಕೊಳೆಯುವುದಿಲ್ಲ, ನುಂಗಿದ ಮೀನಿಗೆ ಅರಗುವುದೂ ಇಲ್ಲ. ಕೆರೆಯ ಮೀನು ಹರಾಜು ಹಿಡಿದವರನ್ನು ಕೇಳದೆ ಗಾಳ ಬಿಡಬಾರದು; ಮರಿ ಬಿಟ್ಟು ಸಾಕಿದ ಬಂಡವಾಳ ಅವರದು. ಅವರಿಗೂ ಕುಚ್ಚು ಹೋದರೆ ಸಂತೋಷವೇ, ಬಿಟ್ಟ ಮರಿಗಳನ್ನು ಅದು ತಿನ್ನುತ್ತದಲ್ಲ!

ಒಂದು ಮಾತಿನಲ್ಲಿ ಮಾತ್ರ ಭಾವ ಗಂಭೀರ. ಮಳೆಗಾಲದಲ್ಲಿ ಕೆರೆಯಂಚಲ್ಲಿ ಕೆಂಪು ಮರಿಗಳ ಗುಂಪೊಂದು ಬುಳಬುಳನೆ ಮೇಲೆದ್ದು ಮುಳುಗುತ್ತಿರುತ್ತದೆ. ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆ ಗುಂಪಿನ ಮೇಲೆ ಏನು ಬಿದ್ದರೂ ನುಗ್ಗಿ ಕಚ್ಚುತ್ತವೆ. ಗೊತ್ತಿಲ್ಲದವನಿಗೂ ಅಲ್ಲಿ ಮೀನು ಸಿಗುತ್ತದೆ.

“ಹೊಟ್ಟೆಗೆ ಅಂತ ಬಂದಿದ್ದನ್ನ ಹಿಡೀಬಹುದು ಮೇಷ್ಟ್ರೇ, ಮಕ್ಕಳಿಗೆ ಅಂತ ಬಂದಿದ್ದನ್ನ ಹಿಡೀಬಾರದು. ಕಾವಲು ಹೋದರೆ ಆ ಸಾವಿರ ಮರೀನೂ ಒಂದೇ ದಿನಕ್ಕೆ ಕಂಡೋರ ಪಾಲು.”

ನನಗೆ ಒಂದು ಸಂಶಯ ಬಾಕಿ ಇತ್ತು. “ಅಲ್ಲ ಭಾವ, ಮೀನು ತಿನ್ನದ ನನ್ನ ಮುಂದೆ ಇಷ್ಟೆಲ್ಲ ಯಾಕೆ ಬಿಚ್ಚುತ್ತೀರಿ? ಊರಲ್ಲಿ ಗಾಳ ಹಾಕುವವರು ಬೇಕಾದಷ್ಟು ಜನ ಇದ್ದಾರೆ.”

ಭಾವ ಬೇಲಿಯಾಚೆ ಈಚೆ ನೋಡಿ ದನಿ ತಗ್ಗಿಸಿದರು. “ಅವರಿಗೆ ಹೇಳಿದ್ರೆ ಜಾಗ ಗೊತ್ತಾಗ್ತದೆ. ನಿಮಗೆ ಹೇಳಿದ್ರೆ ಹೇಳಿಕೊಂಡ ಖುಷಿನೂ ಆಯ್ತು, ಮೀನೂ ಅಲ್ಲೇ ಉಳೀತು. ಭಾನುವಾರ ನೀವೂ ಬನ್ನಿ ಕೆರೆಗೆ. ಪಾಲು ಕೇಳದ ಜೊತೆಗಾರ ಎಲ್ಲಿ ಸಿಗ್ತಾನೆ?”

“ಬರ್ತೀನಿ. ಮೀನಿನ ಪಾಲು ಬೇಡ. ಆದರೆ ನಿಮ್ಮ ಬಾಗಿದ ಮರದಿಂದ ನಮ್ಮ ಕಡೆಗೆ ಬೀಳ್ತಾವಲ್ಲ ಕಾಯಿ, ಅವನ್ನು ಇನ್ನು ಮೇಲೆ ಕೇಳಬಾರದು.”

ಭಾವ ಬಹಳ ಹೊತ್ತು ಆ ಮರವನ್ನೇ ನೋಡಿದರು. ಕೊಬ್ಬರಿ ರೇಟು ಎಷ್ಟು ಎಂದು ಕೇಳಿದರು. ಹೇಳಿದೆ.

“ಹಂಗಾದ್ರೆ ಭಾನುವಾರ ಒಬ್ಬನೇ ಹೋಗ್ತೀನಿ ಬಿಡಿ,” ಎಂದರು.